ಹಾಡಿನೊಳಗಿನ ಧಡ್ ಧಡ್

ನಮ್ಮ ಬಡಗಿಗೆ ಹಾಡಲು ಬರುತ್ತಿರಲಿಲ್ಲ. ಸೀಟಿ ಹೊಡೆದರೂ ಜೊತೆಯವರು ಸಾಕಪ್ಪಾ ಎಂದು ಕೈಮುಗಿಯುತ್ತಿದ್ದರು. ಆದರೂ ಊರೆಲ್ಲ ಕುಣಿದ ಒಂದು ಹಾಡಿನಲ್ಲಿ ತಾನಿದ್ದೇನೆಂದು ನಲವತ್ತು ವರ್ಷ ಹೇಳಿಕೊಂಡು ಬಂದ. ಕೇಳಿದವರೆಲ್ಲ ಹೂಂಗುಟ್ಟಿದರು, ಹೆಂಡತಿಯೊಬ್ಬಳನ್ನು ಬಿಟ್ಟು. ಅವಳೊಬ್ಬಳು ನಂಬಿದ್ದರೆ ಸಾಕಿತ್ತು ಅವನಿಗೆ.

ನಡೆದದ್ದಿಷ್ಟು. ಮದುವೆಯಾಗಿ ಆರು ತಿಂಗಳು. ಧ್ವನಿಮುದ್ರಣದ ಸ್ಟುಡಿಯೋ ಒಂದರಲ್ಲಿ ಮುಚ್ಚಿಕೊಳ್ಳದ ಬಾಗಿಲನ್ನು ಹೆರೆಯಲು ಹೋಗಿದ್ದ. ಒಳಗೊಬ್ಬ ಗಾಯಕ: ಮಿರಮಿರ ಮಿಂಚುವ ಅಂಗಿ, ರೆಪ್ಪೆಗೆ ಬೆಳ್ಳಿ ಬಣ್ಣ, ಗೇಣುದ್ದ ಹಿಮ್ಮಡಿಯ ಬೂಟು. ಗಿಟಾರು ಹಸಿ ಮರಕ್ಕೆ ಗರಗಸ ಹಾಕಿದಂತೆ ಗುರುಗುಟ್ಟುತ್ತಿತ್ತು. ಹಾಡಿಗೆ ನೆಲ ತುಳಿಯುವ ಸದ್ದು ಬೇಕಿತ್ತು. ಗಾಯಕ ತುಳಿಯಲು ಹೋಗಿ, ಆ ಬೂಟಿನ ದೆಸೆಯಿಂದ ಎರಡು ಸಲ ಧೊಪ್ಪನೆ ಬಿದ್ದ. ಕೊನೆಗೆ ಬಡಗಿಯನ್ನೇ ಕರೆದು, ಅವನದೇ ಹಲಗೆಯ ಮೇಲೆ, ಅವನದೇ ಮೊಳೆ ಹೊಡೆದ ಬೂಟಿನಲ್ಲಿ ಧಡ್ ಧಡ್ ಧಡ್ ಎಂದು ತುಳಿಸಿದರು.

ಪತ್ರಿಕೆಗಳು ಇದು ಹಾಡಲ್ಲ, ತಲೆನೋವು ಎಂದವು. ಅದಕ್ಕೇ ಇರಬೇಕು, ಮಕ್ಕಳಿಗೆ ಹುಚ್ಚು ಹಿಡಿಯಿತು. ಆಗ ರೇಡಿಯೊ ಆರಿಸಿ ಬೈದ ಅಪ್ಪಂದಿರು ಈಗ ಮೊಮ್ಮಕ್ಕಳ ಮದುವೆಯಲ್ಲಿ ಮಂಡಿನೋವು ಮರೆತು ತುಳಿಯುತ್ತಾರೆ! ಆ ಮೂರು ಧಡ್ ಕೇಳಿದರೆ ಯಾರ ಕಾಲೂ ಸುಮ್ಮನಿರದು. ಗ್ರಾಮಫೋನ್ ತಟ್ಟೆಯ ಲಕೋಟೆಯ ಮೇಲೆ ಮಾತ್ರ ಬಡಗಿಯ ಹೆಸರಿಲ್ಲ.

"ಸಾಕು ಬಿಡ್ರೀ," ಎನ್ನುತ್ತಿದ್ದಳು ಹೆಂಡತಿ. "ಬಾಗಿಲು ಹೆರೆಯೋಕೆ ಹೋದೋರು ಹಾಡಿಗೆ ಸೇರ್ಕೊಂಡ್ರಂತೆ. ನನ್ನ ಕಿವಿಗೆ ಹೂವಿಡ್ಬೇಡಿ."

ಹಾಡಿಗೆ ನಲವತ್ತು ತುಂಬಿದಾಗ ಬಡಗಿ ರೇಡಿಯೊದವರಿಗೆ ಪತ್ರ ಬರೆದ. ಒಬ್ಬ ಮನೆಗೇ ಬಂದು ಎಲ್ಲ ಕೇಳಿಕೊಂಡ. "ಸಾಕ್ಷಿ ಯಾರಾದ್ರೂ ಇದ್ದಾರಾ, ಯಜಮಾನ್ರೇ? ಇಲ್ದಿದ್ರೆ ನಿಮ್ಮ ಹೆಸರು ಹೇಳೋಕಾಗಲ್ಲ," ಎಂದ. ಗಾಯಕ ತೀರಿಕೊಂಡಿದ್ದ, ಸ್ಟುಡಿಯೋ ಇದ್ದಲ್ಲಿ ಚಪ್ಪಲಿ ಅಂಗಡಿ ಎದ್ದಿತ್ತು. ಬಡಗಿಯ ಮುಖ ಬಾಡಿತು.

"ನಾನಿದ್ದೀನಲ್ಲ," ಎಂದು ಹೆಂಡತಿ ಅಡುಗೆಮನೆಯಿಂದ ಬಂದಳು. "ದಿನಾ ಸಂಜೆ ಇವ್ರು ಮೆಟ್ಟಿಲು ಹತ್ತೋದು ಕೇಳ್ತೀನಿ. ಮೂರನೇ ಹೆಜ್ಜೆ ಯಾವಾಗಲೂ ಒಂಚೂರು ತಡ. ಹಾಡಲ್ಲೂ ಹಾಗೇ ಇದೆ. ಮೊದಲನೇ ಸಲ ಕೇಳ್ದಾಗ್ಲೇ ಗೊತ್ತಾಯ್ತು."

ಬಡಗಿಗೆ ಸಿಟ್ಟೂ ಬಂತು, ಅಳುವೂ ಬಂತು. "ಮತ್ತೆ ನಲವತ್ತು ವರ್ಷ ನನ್ನ ಆಡ್ಕೊಂಡ್ಯಲ್ಲೇ!"

"ಒಪ್ಕೊಂಡಿದ್ರೆ ನಿಮ್ಮನ್ನ ಹಿಡಿಯೋರು ಯಾರು?" ಎಂದು ನಕ್ಕಳು. ಆಮೇಲೆ ರೇಡಿಯೊದವನ ಕಡೆ ತಿರುಗಿ, ತುಸು ನಾಚಿಕೊಂಡೇ ಹೇಳಿದಳು: "ಇವ್ರು ಕೆಲಸಕ್ಕೆ ಅಂತ ದೂರ ಹೋದ್ರೆ ತಿಂಗಳುಗಟ್ಟಲೆ ಬರ್ತಿರಲಿಲ್ಲ. ಆಗೆಲ್ಲ ಆ ಹಾಡು ಹಾಕ್ಕೊಂಡು ಕೂತಿರ್ತಿದ್ದೆ. ಇವ್ರೇ ಮನೆಗೆ ಬಂದಂಗೆ ಆಗೋದು."