ತಮ್ಮನ ಕಾಲಿನ ಉಗುರು

ಪ್ರತಿ ಭಾನುವಾರ ನಾನು ಮೂಡುಬಿದಿರೆಯಿಂದ ಬಸ್ಸು ಹತ್ತಿ ಮಡಂತ್ಯಾರಿನಾಚೆಯ ತಮ್ಮನ ಮನೆಗೆ ಹೋಗುತ್ತೇನೆ. ಅವನ ಕಾಲಿನ ಉಗುರು ಕತ್ತರಿಸುವುದು ನನ್ನ ಕೆಲಸ. ಸೊಂಟದಿಂದ ಕೆಳಗೆ ಅವನಿಗೆ ಎರಡು ವರ್ಷದಿಂದ ಏನೂ ಗೊತ್ತಾಗುವುದಿಲ್ಲ. ಉಗುರು ಮಾತ್ರ ನಾಚಿಕೆಯಿಲ್ಲದೆ ಬೆಳೆಯುತ್ತದೆ. ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವನು ರಬ್ಬರ್ ಮರ ಕೆತ್ತಿ ಹಾಲು ತೆಗೆಯುವ ಟ್ಯಾಪಿಂಗ್ ಮಾಡುತ್ತಿದ್ದವನು. ಒಂದು ಬೆಳಿಗ್ಗೆ ಕೆಲಸ ಮುಗಿಸಿ ಬಂದು, ಹಲಸಿನಕಾಯಿ ಕೀಳಲು ಮರ ಹತ್ತಿ, ಕೊಂಬೆ ಮುರಿದು ಬಿದ್ದ. ರಜೆಯಲ್ಲಿ ನಾನು ಅಲ್ಲೇ ಇದ್ದೆ. ಕಾಲೇಜಿನಲ್ಲಿ ಹದಿನೆಂಟು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು, ಬೆನ್ನು ನೋವೆಂದು ಒದ್ದಾಡುತ್ತಿದ್ದವನನ್ನು ಕಂಡು ನೆನಪಿಸಿಕೊಂಡದ್ದು ಪುಸ್ತಕವನ್ನಲ್ಲ, ಎಲುಬು ಕಟ್ಟುವ ನಾಟಿ ವೈದ್ಯರನ್ನು. ಚಿಕ್ಕಂದಿನಲ್ಲಿ ಅವನ ಕೈ ಮುರಿದಾಗ ಎಣ್ಣೆ ಹಚ್ಚಿ, ಬಿದಿರಿನ ಪಟ್ಟಿ ಕಟ್ಟಿ ಸರಿ ಮಾಡಿದ್ದು ಅವರೇ. ನಮ್ಮ ಮನೆಯಲ್ಲಿ ಎಲುಬು ಎಂದರೆ ಅವರು. ಆಂಬ್ಯುಲೆನ್ಸಿಗೆ ಯಾರು ಕಾಯುತ್ತಾರೆ ಎಂದವಳೂ ನಾನೇ. ನಾನೂ ತಮ್ಮನ ಹೆಂಡತಿಯೂ ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ರಿಕ್ಷಾದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಗುಂಡಿ ಬಿದ್ದ ಮಣ್ಣಿನ ರಸ್ತೆಯಲ್ಲಿ, ಬೇಗ ಹೋಗಲಿ ಎಂದು ನಾನು ಡ್ರೈವರನನ್ನು ಅವಸರಪಡಿಸುತ್ತಲೇ ಇದ್ದೆ.

ವೈದ್ಯರು ರಿಕ್ಷಾದ ಬಳಿಗೇ ಬಂದರು. ಅವನ ಕಾಲಿನ ಬೆರಳುಗಳನ್ನು ಒಂದೊಂದಾಗಿ ಚಿವುಟಿ ನೋಡಿದರು; ಅವನಿಗೆ ಗೊತ್ತಾಗಲಿಲ್ಲ. ಎಣ್ಣೆಯ ಬಾಟಲಿ ಮುಟ್ಟಲಿಲ್ಲ.

"ಇದು ನನ್ನಿಂದ ಆಗುವುದಲ್ಲ. ಬೆನ್ನೆಲುಬು ಮುರಿದವನನ್ನು ಹಲಗೆಯ ಮೇಲೆ ಮಲಗಿಸದೆ ಕೂರಿಸಿಕೊಂಡು ತಂದದ್ದು ಯಾಕೆ?" ಎಂದು ಕೇಳಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕೆಲವು ತಿಂಗಳಲ್ಲಿ ಬೆನ್ನಿನ ಎಲುಬು ಕೂಡಿತು. ಎಲುಬು ಕೂಡಿತಲ್ಲ, ಮತ್ತೆ ಕಾಲು ಯಾಕೆ ಬರುವುದಿಲ್ಲ ಎಂದು ತಮ್ಮ ಕೇಳಿದ. ನಾನು ಪಾಠ ಮಾಡಿದೆ. ಚರ್ಮದ ತಳದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಪಿತ್ತಜನಕಾಂಗದ ಒಂದು ಪಾಲು ಕತ್ತರಿಸಿದರೂ ಉಳಿದದ್ದು ಬೆಳೆದು ಕೊರತೆ ತುಂಬುತ್ತದೆ. ಎಲುಬಿನ ಹೊದಿಕೆಯಲ್ಲಿ ಮತ್ತೆ ಕಟ್ಟುವ ಕೋಶಗಳು ಕಾದು ಕೂತಿರುತ್ತವೆ. ಬೆನ್ನುಹುರಿಯ ನರಕೋಶ ಮಾತ್ರ ಒಮ್ಮೆ ಬಲಿತ ಮೇಲೆ ಎರಡಾಗುವುದಿಲ್ಲ. ತುಂಡಾದ ಎಳೆ ಮುಂದೆ ಚಾಚಲು ನೋಡಿದರೂ ಗಾಯದ ಕಲೆ ಅದಕ್ಕೆ ದಾರಿ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಇದು ಐದು ಅಂಕದ ಪ್ರಶ್ನೆ.

ತಮ್ಮ, "ಕತ್ತಿ ಮರಕ್ಕೆ ತಾಗಿದ ಹಾಗೆ," ಎಂದ.

ರಬ್ಬರಿನ ತೊಗಟೆಯನ್ನು ತೆಳುವಾಗಿ ಕೆತ್ತಿದರೆ ಕೆಲವು ವರ್ಷದಲ್ಲಿ ಹೊಸ ತೊಗಟೆ ಬರುತ್ತದೆ, ಅದರಲ್ಲಿ ಮತ್ತೆ ಹಾಲು ತೆಗೆಯಬಹುದು. ಕತ್ತಿ ಆಳಕ್ಕಿಳಿದು ಒಳಗಿನ ಮರಕ್ಕೆ ತಾಗಿತೋ, ಆ ಜಾಗ ಗಂಟು ಕಟ್ಟಿಕೊಳ್ಳುತ್ತದೆ, ಮತ್ತೆ ಕೆಲಸಕ್ಕೆ ಬರುವುದಿಲ್ಲ. ಇಷ್ಟು ವರ್ಷದಲ್ಲಿ ಅವನ ಕತ್ತಿ ಹಾಗೆ ತಾಗಿದ್ದು ತೀರಾ ಕಡಿಮೆ. ಅವನದು ಹಗುರವಾದ ಕೈ. ನನ್ನದಲ್ಲ.

ಕಳೆದ ಭಾನುವಾರ ಅವನ ಬಲಗಾಲನ್ನು ಮಡಿಲಲ್ಲಿಟ್ಟುಕೊಂಡು ಕಿರುಬೆರಳಿನ ಉಗುರು ತೆಗೆಯುತ್ತಿದ್ದೆ. ಅವನು ಮೆಲ್ಲಗೆ ಕೇಳಿದ.

"ಅಕ್ಕ, ಮರದಡಿ ಬಿದ್ದಿದ್ದಾಗ ನನ್ನ ಕಾಲಿನ ಬೆರಳು ಅಲ್ಲಾಡ್ತಾ ಇತ್ತಲ್ಲ?"

"ನೆನಪಿಲ್ಲ ಮಾರಾಯ," ಎಂದೆ.

ಅಲ್ಲಾಡುತ್ತಿತ್ತು. ಒಣಗಿದ ಹಲಸಿನೆಲೆಗೆ ಬೆರಳು ತಾಗಿ ಸರಸರ ಸದ್ದು ಬರುತ್ತಿತ್ತು. ಅವನನ್ನು ಎಬ್ಬಿಸುವ ಮೊದಲು ನಾನು ಅದನ್ನು ಕೇಳಿದ್ದೆ.

ಅವನು ಎರಡೂ ಕೈಯಿಂದ ಎಡಗಾಲನ್ನು ಎತ್ತಿ ನನ್ನ ಮಡಿಲಲ್ಲಿಟ್ಟ.