ರುದ್ರೇಶನಿಗೆ ಬಿಟ್ಟ ದಾರಿ

ಮೂರು ವರ್ಷದ ಹಿಂದಿನ ಮಾತು. ಜಾವಗಲ್ ಕಡೆಯ ನಮ್ಮೂರಿನಲ್ಲಿ ರಾಗಿ ಕೊಯ್ಲು ನಡೆದಿತ್ತು. ಆಗ ಸುದ್ದಿ ಬಂತು, ನಮ್ಮ ಹಿಂದಿನ ಮನೆಯ ರುದ್ರೇಶ ಆಫ್ರಿಕಾದಲ್ಲಿ ತೀರಿಕೊಂಡ ಅಂತ. ನಮ್ಮ ಸೈನ್ಯದವರು ಅವನನ್ನು ಅಲ್ಲಿಗೆ ಶಾಂತಿಪಡೆಗೆ ಕಳಿಸಿದ್ದರು. ಮನೆಮಠ ಕಳೆದುಕೊಂಡವರು ತಂಗಿದ್ದ ಶಿಬಿರಕ್ಕೆ ಯಾರೋ ನುಗ್ಗಿ ಗುಂಡು ಹಾರಿಸಿದರಂತೆ. ಕಾವಲಿಗೆ ನಿಂತಿದ್ದವನು ಇವನು.

ನಾನು ಗಾರೆ ಕೆಲಸದವನು. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕರಣೆ ಹಿಡಿದೆ. ನನ್ನ ಮನೆ ನಾನೇ ಕಟ್ಟಿದ್ದು, ಸುತ್ತಲಿನ ಸೈಜುಗಲ್ಲಿನ ಕಾಂಪೌಂಡೂ ನಾನೇ ಕಟ್ಟಿದ್ದು. ರುದ್ರೇಶನ ಮನೆಗೆ ಹೋಗುವ ಓಣಿ ಆ ಕಾಂಪೌಂಡಿನ ಪಕ್ಕದಲ್ಲೇ. ಗೋಡೆ ಎದ್ದ ಮೇಲೆ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಒರಗಿ ನಿಲ್ಲಬೇಕು. ಅದಕ್ಕೇ ಅವನ ತಾಯಿ ಪುಟ್ಟಮ್ಮ ನನ್ನ ಜೊತೆ ಮಾತು ಬಿಟ್ಟಿದ್ದರು. ಸರ್ವೆ ಮಾಡಿಸಿ, ನನ್ನ ಜಾಗದೊಳಗೇ ಕಟ್ಟಿದ ಗೋಡೆ ಅದು. ತಪ್ಪು ಅಂತ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಿಲ್ಲ.

ಕೊನೆಯ ಸಲ ರಜಕ್ಕೆ ಬಂದಾಗ ರುದ್ರೇಶ, ಓಣಿಯಲ್ಲಿ ಹಿಡಿಸದ ತನ್ನ ಹೊಸ ಬೈಕನ್ನು ನಮ್ಮ ಗೇಟಿನ ಹತ್ತಿರ ನಿಲ್ಲಿಸಿದ.

“ಚಂದ್ರಣ್ಣ, ಎರಡಡಿ ಬಿಟ್ಟು ಕಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ಜಾಗ ಕಣೋ.”

“ಆಗ್ಲಿ ಬಿಡಣ್ಣ. ಕಾಲು ಗಟ್ಟಿಯಾಗವೆ, ನಡ್ಕೊಂಡೇ ಹೋಯ್ತೀನಿ” ಅಂತ ನಗುತ್ತಾ ಹೋದ.

ಅವನ ದೇಹ ಬರುವ ಹಿಂದಿನ ದಿನ ಮಧ್ಯಾಹ್ನ ತಾಲ್ಲೂಕು ಕಚೇರಿಯ ಸಾಹೇಬರು ಬಂದರು. ಸ್ಕೂಲ್ ಮೈದಾನದಲ್ಲಿ ಶಾಮಿಯಾನ ಏಳುತ್ತಿತ್ತು. ಸಾಹೇಬರು ಪುಟ್ಟಮ್ಮನಿಗೆ ಸಮಾಧಾನವಾಗಿಯೇ ಹೇಳಿದರು. “ಪೆಟ್ಟಿಗೆ ಹೊತ್ತು ಆರು ಜನ ಈ ಓಣೀಲಿ ಬರೋಕಾಗಲ್ಲಮ್ಮ. ದರ್ಶನ ಮೈದಾನದಲ್ಲೇ ಇಟ್ಟಿದ್ದೀವಿ. ನಿಮಗೆ ಮುಂದೇನೇ ಕುರ್ಚಿ ಹಾಕ್ಸ್ತೀವಿ.”

ಪುಟ್ಟಮ್ಮ ಹೊಸ್ತಿಲ ಮೇಲೆ ಕೂತಿದ್ದರು, ಏಳಲಿಲ್ಲ. “ನನ್ ಮಗ ಈ ಹೊಸ್ತಿಲು ದಾಟಿ ಹೋದೋನು, ಇಲ್ಲಿಗೇ ಬರ್ಬೇಕು. ಹೆತ್ತೋಳು ಹೋಗಿ ಕ್ಯೂ ನಿಲ್ಬೇಕಾ? ನಾನು ಬರಾಕಿಲ್ಲ.”

“ದಾರಿ ಇದ್ದಿದ್ರೆ ನಮ್ಮದೇನೂ ಅಡ್ಡಿ ಇರಲಿಲ್ಲ” ಅಂದರು ಸಾಹೇಬರು. ಅಲ್ಲಿದ್ದವರೆಲ್ಲ ನನ್ನ ಗೋಡೆಯ ಕಡೆ ನೋಡಿದರು.

ಪಕ್ಕದಲ್ಲಿದ್ದ ನಂಜಪ್ಪ, ನನ್ನ ವಾರಿಗೆಯವನು, ಮೆಲ್ಲಗೆ ಅಂದ: “ಯಾವ್ದೋ ದೇಶ ಕಾಯಕ್ಕೋಗಿ ಸತ್ತೋನಿಗೆ ಇಷ್ಟೆಲ್ಲ ಯಾಕ್ಲಾ? ನಮ್ಮ ಗಡಿ ಕಾಯ್ತಿದ್ನಾ?”

ನನಗೆ ಮೈಯೆಲ್ಲ ಉರಿಯಿತು. “ನಿನ್ನ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ಪಕ್ಕದೂರೋರು ಕೊಡ ಹೊತ್ಕೊಂಡು ಓಡ್ಬಂದ್ರಲ್ಲ, ಅದು ಅವರ ಮೆದೆ ಆಗಿತ್ತೇನ್ಲಾ?” ಅಂದೆ.

ಮನೆಯೊಳಗಿಂದ ಹಾರೆ ತಂದು ಗೋಡೆಯ ಮೇಲಿನ ಸಾಲಿಗೆ ಹಾಕಿ ಮೀಟಿದೆ. ಸಾಹೇಬರು ಓಡಿ ಬಂದು, “ನೋಡ್ರೀ, ಆಮೇಲೆ ಪರಿಹಾರ ಕೊಡಿ ಅಂತ ನಮ್ಮ ಹತ್ರ ಬರಬೇಡಿ” ಅಂದರು.

“ಬರಲ್ಲ ಸ್ವಾಮಿ. ನಿಮ್ಮನ್ನ ಕೇಳಿ ಕಟ್ಟಲಿಲ್ಲ, ಕೇಳಿ ಒಡೆಯೋದೂ ಇಲ್ಲ.”

ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. “ಒಡೆಯೋದು ಒಡೀರಿ, ನನ್ನ ನುಗ್ಗೆ ಗಿಡದ ಮೇಲೆ ಕಲ್ಲು ಕೆಡವಬೇಡಿ” ಅಂದಳು. ಆಮೇಲೆ ಸೆರಗು ಸಿಕ್ಕಿಸಿ ಕಲ್ಲು ಎತ್ತಿಡಲು ತಾನೇ ಬಂದಳು. ನಾನು ಕಟ್ಟಿದ ಗೋಡೆ ಸುಲಭಕ್ಕೆ ಬೀಳುವಂಥದ್ದಲ್ಲ. ಅಂಗೈ ಬೊಬ್ಬೆ ಬಂತು. ಸ್ವಲ್ಪ ಹೊತ್ತಿಗೆ ನಂಜಪ್ಪನೂ ಬಾಂಡ್ಲಿ ತಂದು ಮಣ್ಣು ತುಂಬತೊಡಗಿದ. ನಾನು ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಓಣಿ ಬದಿಯ ಗೋಡೆ ಇರಲಿಲ್ಲ.

ಮರುದಿನ ಅರಸೀಕೆರೆ, ಬಾಣಾವರದ ಮೇಲೆ ಸೈನ್ಯದ ಗಾಡಿ ಬಂತು. ಬಾವುಟ ಹೊದಿಸಿದ ಪೆಟ್ಟಿಗೆ ಹೊತ್ತ ಆರು ಸೈನಿಕರು ನನ್ನ ಅಂಗಳ ತುಳಿದುಕೊಂಡೇ ಪುಟ್ಟಮ್ಮನ ಬಾಗಿಲಿಗೆ ಹೋದರು. ಆಯಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು, “ಬಂದ್ಯಾ ಮಗಾ” ಅಂದರು. ಆಮೇಲೆ ಹೊತ್ತು ತಂದ ಹುಡುಗರ ಕಡೆ ತಿರುಗಿ, “ಬಿಸಿಲಲ್ಲಿ ಬಂದವ್ರೆ, ಯಾರಾದ್ರೂ ನೀರು ಕೊಡ್ರಪ್ಪ” ಅಂದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅಲ್ಲಿ ಅತ್ತುಬಿಟ್ಟೆ. ಮೈದಾನದ ದರ್ಶನ ಆಮೇಲೆ ನಡೆಯಿತು.

ತಿಥಿ ಕಳೆದ ಮೇಲೆ ಪುಟ್ಟಮ್ಮ ತಾವಾಗಿ ಬಂದು ಮಾತಾಡಿಸಿದರು. “ಚಂದ್ರ, ಗೋಡೆ ಮತ್ತೆ ಕಟ್ಕೊಳಪ್ಪ. ದನ ನುಗ್ತವೆ.”

“ನುಗ್ಲಿ ಬಿಡಮ್ಮ” ಅಂದೆ.

ಆ ಕಲ್ಲುಗಳಲ್ಲಿ ಓಣಿಯ ಬಾಯಲ್ಲಿ ಒಂದು ಕಟ್ಟೆ ಕಟ್ಟಿದ್ದೇನೆ. ಸಂಜೆ ಪುಟ್ಟಮ್ಮ ಅಲ್ಲಿ ಕೂರುತ್ತಾರೆ. ಓಣಿಯಲ್ಲಿ ಈಗ ಎಲ್ಲರ ಬೈಕುಗಳೂ ಓಡಾಡುತ್ತವೆ. ರುದ್ರೇಶನ ಬೈಕು ಒಂದು ಸಲವೂ ಓಡಾಡಲಿಲ್ಲ. ಅದು ನೆನಪಾದಾಗ ಕರಣೆ ಹಿಡಿದ ಕೈ ಇಂದಿಗೂ ನಿಲ್ಲುತ್ತದೆ.

“ಬಂಗಾರದಂಥ ಜಾಗ ಓಣಿಯವರಿಗೆ ಬಿಟ್ಟುಬಿಟ್ಯಲ್ಲೋ” ಅಂತ ಈಗಲೂ ಕೆಲವರು ಕೆಣಕುತ್ತಾರೆ. ನಾನು ಓಣಿಯವರಿಗೆ ಬಿಟ್ಟಿಲ್ಲ, ರುದ್ರೇಶನಿಗೆ ಬಿಟ್ಟಿದ್ದೇನೆ. ಅವನಾಗಿ ವಾಪಸ್ ಕೊಡುವವರೆಗೆ ಅದನ್ನು ಯಾರೂ ಕೇಳುವಂತಿಲ್ಲ. ನಾನೂ ಕೇಳುವಂತಿಲ್ಲ.