ಜೇವರ್ಗಿಯ ಕಾಕಾ ಕೇಳಿದ ಉಸಿರು

ಮದುವೆ ಮುರಿದು ಆಳಂದಕ್ಕೆ, ಅಣ್ಣನ ಮನೆಗೆ ಮರಳಿದ ಮೇಲೆ ನನ್ನದು ಅಂತ ಉಳಿದ ಹೊತ್ತು ನಾನು ಪಾಠ ಮಾಡುವ ನಿಂಬರ್ಗಾದ ಶಾಲೆಗೆ ಹೋಗಿಬರುವ ಬಸ್ಸಿನದು ಮಾತ್ರ. ಮನೆಯಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನದೇ ಇರುವುದೇ ಒಂದು ಭಾರವಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಮಾತಾಡಿಸುವವರು ಇರಲಿಲ್ಲ. ಹಾಗೆ ಏನೋ ಹುಡುಕುವಾಗ ಆ ಧ್ವನಿನಾಟಕ ಸಿಕ್ಕಿತು.

ಕಥೆ ಸರಳ. ಬಹಳ ದೂರ ಹೋಗಿಬಿಟ್ಟ ಒಂದು ಅಂತರಿಕ್ಷ ನೌಕೆ, ಅದರೊಳಗೆ ಬದುಕುಳಿದ ಒಬ್ಬ ಹೆಂಗಸು. ಅವಳು ಭೂಮಿಗೆ ಕಳಿಸುವ ಒಂದೊಂದು ಸಂದೇಶವೂ ಒಂದೊಂದು ಕಂತು. ನೀರು ಎಷ್ಟು ಉಳಿದಿದೆ, ಯಾವ ದೀಪ ಆರಿತು, ಕನಸಿನಲ್ಲಿ ಯಾರು ಬಂದಿದ್ದರು, ಇಷ್ಟೇ ಹೇಳುತ್ತಾಳೆ. ಭೂಮಿಯಿಂದ ಉತ್ತರ ಬರುವುದಿಲ್ಲ. ಶನಿವಾರಕ್ಕೊಂದು ಕಂತು ಬರುತ್ತಿತ್ತು. ಅದರ ಕೆಳಗೆ ಕೇಳುಗರು ಮುಂದೇನಾಗಬಹುದು ಎಂದು ತಮ್ಮ ತಮ್ಮ ಊಹೆ ಬರೆದು ಜಗಳಾಡುತ್ತಿದ್ದರು. ನಾನು ಓದುತ್ತಿದ್ದೆ, ಬರೆಯುತ್ತಿರಲಿಲ್ಲ.

ಒಂದು ಶನಿವಾರ ಯಾರೋ ಬರೆದಿದ್ದರು: "ಈ ಹೆಣ್ಣಮಗಳು ಒಬ್ಬಾಕೀನೇ ಇಲ್ಲ. ಆಕಿ ಹಿಂದ ಯಾರೋ ಉಸಿರಾಡಾಕತ್ಯಾರ. ಜರಾ ಲಕ್ಷ ಕೊಟ್ಟ ಕೇಳ್ರಿ."

ಆ ಭಾಷೆ ನೋಡಿ ಕೈ ತಡೆಯಲಿಲ್ಲ. "ನಿಮ್ಮದು ಯಾವ ಊರ್ರಿ?" ಎಂದು ಕೇಳಿದೆ. ಜೇವರ್ಗಿ ಎಂದು ಉತ್ತರ ಬಂತು. ಅದರ ಕೆಳಗೇ ಇನ್ನೊಬ್ಬಳು, "ನಾ ಅಫಜಲಪುರದಾಕಿ, ನನ್ನೂ ಸೇರಿಸ್ಕೋರಿ" ಎಂದಳು. ಹಾಗೆ ಮೂವರ ಒಂದು ವಾಟ್ಸಾಪ್ ಗುಂಪಾಯಿತು.

ಜೇವರ್ಗಿಯವರು ನಿವೃತ್ತ ಬಸ್ ಡ್ರೈವರ್. ನಾವಿಬ್ಬರೂ ಅವರನ್ನು ಕಾಕಾ ಎಂದೇ ಕರೆದೆವು. ಅಫಜಲಪುರದವಳು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ನನಗಿಂತ ಚಿಕ್ಕವಳು. ಮಷಿನ್ ತುಳಿಯುತ್ತಲೇ ನಾಟಕ ಕೇಳುತ್ತಿದ್ದಳು. ಅವಳ ಊಹೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. "ಆಕಿ ಸತ್ತು ಭಾಳ ದಿನ ಆಗ್ಯಾವ್ರಿ ಅಕ್ಕೋರೆ. ಅಷ್ಟು ದೂರದಿಂದ ಆವಾಜ್ ಬರಾಕ ಹೊತ್ತು ಬೇಕಲ್ಲ? ನಾವು ಈಗ ಕೇಳೂದು ಸತ್ತಾಕಿ ಮಾತು." ನನ್ನ ಊಹೆ ಬೇರೆ. ಅವಳು ಬದುಕಿದ್ದಾಳೆ, ಭೂಮಿಯೇ ಉಳಿದಿಲ್ಲ, ಅದಕ್ಕೇ ಉತ್ತರವಿಲ್ಲ. ಕಾಕಾ ಎರಡನ್ನೂ ಒಪ್ಪುತ್ತಿರಲಿಲ್ಲ. "ಇಬ್ರೂ ಆಕೀನ್ನ ಒಬ್ಬಾಕೀನ್ನೇ ಮಾಡಿ ಬಿಡ್ತೀರಿ. ಜೊತಿಗೆ ಒಬ್ರು ಅದಾರ. ಆಕೀಗೆ ಇನ್ನೂ ಗೊತ್ತಾಗಿಲ್ಲ, ಅಷ್ಟ."

ನೌಕೆಯವಳ ಮಾತು ಮುಗಿದು ಸಂಗೀತ ಶುರುವಾಗುವ ನಡುವಿನ ಮೌನದಲ್ಲಿ ಆ ಉಸಿರು ಕೇಳುತ್ತದೆ ಎನ್ನುವುದು ಅವರ ವಾದ. ನನಗೆ ಮೊದಲು ಕೇಳಿಸಲಿಲ್ಲ. ಅವರು ಹೇಳುತ್ತ ಹೇಳುತ್ತ ಕೇಳಿಸಿದಂತೆ ಆಗತೊಡಗಿತು. ನಾಟಕದ ಕೆಳಗೆ ಬರೆಯುವವರಲ್ಲೂ ಹಲವರು ನಮಗೂ ಕೇಳಿಸಿತು ಎಂದರು. ಮೈಸೂರಿನವರು, ಶಿರಸಿಯವರು, ಯಾರ್ಯಾರೋ "ಜೇವರ್ಗಿ ಕಾಕಾ ಹೇಳಿದ್ದು ಸರಿ" ಎಂದು ಬರೆಯುತ್ತಿದ್ದರು. ಕಾಕಾ ಅದನ್ನೆಲ್ಲ ಗುಂಪಿಗೆ ಕಳಿಸುತ್ತಿದ್ದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಗುತ್ತಿದ್ದ ನನ್ನನ್ನು ಬೇರೆಯವರು ವಿಚಿತ್ರವಾಗಿ ನೋಡುತ್ತಿದ್ದರು.

ಮುಖಾಮುಖಿ ಆಗೋಣ ಎಂದವಳು ಅಫಜಲಪುರದವಳು. "ಘತ್ತರಗಿಗಿ ಬರ್ರಿ. ಹೆಣ್ಮಕ್ಕಳಿಗಿ ಬಸ್ಸು ಫ್ರೀ ಅದ, ಭಾಗ್ಯವಂತಿ ದೇವಿ ದರ್ಶನಾನೂ ಆಗ್ತದ." ಒಂದು ಭಾನುವಾರ ಮೂವರೂ ಅಲ್ಲಿ ಸೇರಿದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನಾವು ಏನು ಕೇಳಿದರೂ ಒಮ್ಮೆ "ಆಂ?" ಎನ್ನುತ್ತಿದ್ದರು. ಗುಡಿಯ ಗದ್ದಲಕ್ಕೆ ಹಾಗೆ ಅಂದುಕೊಂಡೆ. ದರ್ಶನ ಮುಗಿಸಿ ಭೀಮಾ ನದಿಯ ಮೆಟ್ಟಿಲ ಮೇಲೆ ಕೂತೆವು. ಹೊಲಿಗೆಯವಳು ಡಬ್ಬಿಯಿಂದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ತೆಗೆದಳು.

ಊಟ ಆದ ಮೇಲೆ ಕಾಕಾ ತಮ್ಮ ಫೋನ್ ತೆಗೆದರು. "ಬರ್ರಿ, ಇವತ್ತ ಫೈಸಲಾ ಆಗ್ಲಿ" ಎಂದು ಇಯರ್‌ಫೋನಿನ ಒಂದು ತುದಿ ತಮ್ಮ ಕಿವಿಗೂ ಇನ್ನೊಂದನ್ನು ನನಗೂ ಕೊಟ್ಟರು. ಕಿವಿಗಿಡುತ್ತಲೇ ಕಿತ್ತು ತೆಗೆದೆ. ಅಷ್ಟು ಜೋರು. ಅವರಿಗೆ ಅದು ಜೋರೇ ಅಲ್ಲ. ಪಕ್ಕದಲ್ಲಿ ಕೂತ ಹೊಲಿಗೆಯವಳಿಗೂ ನಾಟಕದ ಮಾತು ಕೇಳುತ್ತಿತ್ತು.

"ಬಂತ ನೋಡ್ರಿ, ಈಗ," ಎಂದು ಕಾಕಾ ಕಣ್ಣು ಮುಚ್ಚಿದರು.

ತುದಿಯನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಆಲಿಸಿದ ನನಗೆ ಉಸಿರು ಕೇಳಲಿಲ್ಲ. ಹೊಲಿಗೆಯವಳು ಸರಿಯಾಗಿ ಕೇಳಬೇಕೆಂದು ಫೋನ್ ತನ್ನ ಕೈಗೆ ತಗೊಂಡಳು. ಹಿಂದಕ್ಕೆ ಸರಿಸಲು ಹೋಗಿ ನಾಟಕವನ್ನು ನಿಲ್ಲಿಸಿದಳು. ಕಾಕಾನ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಹಾಂ, ಈಗ ಬರೋಬ್ಬರಿ ಕೇಳಾಕತ್ತದ. ಎಷ್ಟು ಸಾಫ್ ಅದ ನೋಡ್ರಿ. ಆಕೀದು ಮಾತು ನಿಂತಕೂಡ್ಲೇ ಹೆಂಗ ಶುರು ಆತು!"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರೇ ಕಣ್ಣು ತೆರೆದು, ನಮ್ಮನ್ನು ನೋಡಿ, ಅವಳ ಕೈಯಲ್ಲಿದ್ದ ಫೋನ್ ನೋಡಿದರು. ನಿಧಾನವಾಗಿ ಇಯರ್‌ಫೋನ್ ಕಿವಿಯಿಂದ ತೆಗೆದರು. ತಲೆ ವಾಲಿಸಿ ಕಿವಿಗೊಟ್ಟರು.

"ಈಗೂ ಅದ," ಎಂದರು. ನಮ್ಮ ಕಡೆ ನೋಡಲಿಲ್ಲ, ನೀರಿನ ಕಡೆ ನೋಡುತ್ತಿದ್ದರು. "ಯಾವಾಗಿನಿಂದ ಅದನೋ ಏನೋ. ನಾ ನಾಟಕದಾಗಿಂದು ಅಂತ ತಿಳ್ಕೊಂಡಿದ್ದೆ."

ಕಲಬುರಗಿಯ ಡಾಕ್ಟರ್ ಕಿವಿಯ ನರ ಸೋತಿದೆ ಎಂದರಂತೆ. ಇಂಜಿನ್ ಪಕ್ಕ ಕೂತ ವರ್ಷಗಳೋ, ವಯಸ್ಸೋ, ಹೇಳಲು ಬರುವುದಿಲ್ಲ, ಹೋದದ್ದು ಮರಳುವುದಿಲ್ಲ. ಕಿವಿಗೆ ಮಷಿನ್ ಹಾಕಿ ನೋಡಿದರು. ಬರೀ ಗದ್ದಲ ಹೆಚ್ಚಾಯಿತು, ಮಾತು ತಿಳಿಯಲಿಲ್ಲ. ಆ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಫೋನಿನಲ್ಲಿ ಅವರೊಡನೆ ಮಾತಾಡುವುದು ನಿಂತುಹೋಯಿತು.

ನಾನು ಪ್ರತಿ ಕಂತನ್ನು ಬಸ್ಸಿನಲ್ಲಿ ಕೇಳಿ, ನೌಕೆಯವಳು ಹೇಳಿದ್ದನ್ನೆಲ್ಲ ಟೈಪ್ ಮಾಡಿ ಗುಂಪಿಗೆ ಹಾಕತೊಡಗಿದೆ. ಎಲ್ಲಿ ಅವಳ ದನಿ ನಡುಗಿತು, ಎಲ್ಲಿ ಬಾಗಿಲು ಬಡಿದ ಸದ್ದಾಯಿತು ಎಂದೂ ಬರೆಯುತ್ತಿದ್ದೆ. ಕಾಕಾ ಓದಿ ಒಂದು ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು. ಮುಂದೇನಾಗಬಹುದು ಎಂದು ನಾವು ಕೆಣಕಿ ಕೇಳಿದರೆ ಒಂದೇ ಉತ್ತರ: "ನೀವ ಹೇಳ್ರಿ. ನಂದು ಬರೇ ಕಿವ್ಯಾಗಿನ ಗುಂಯ್‌ಗುಡೂದು ಇತ್ತು."

ಅತ್ತ ಅವರ ಊಹೆ ಮಾತ್ರ ಸಾಯಲಿಲ್ಲ. ಯಾರ್ಯಾರೋ ಅದನ್ನು ಬೆಳೆಸಿದರು. ಉಸಿರಾಡುವವನು ಅವಳ ಗಂಡ ಎಂದು ಕೆಲವರು, ಸತ್ತನೆಂದು ಅವಳು ತಿಳಿದ ಸಹಯಾತ್ರಿ ಎಂದು ಕೆಲವರು. ನಾಟಕ ಮಾಡುವವರು ಒಂದು ದಿನ ಕೇಳುಗರೊಡನೆ ಮಾತಾಡುತ್ತ, ಆ ಊಹೆ ತಮಗೆ ಹೊಳೆದೇ ಇರಲಿಲ್ಲ, ಓದಿದ ಮೇಲೆ ಕಥೆಯನ್ನೇ ತಿರುಗಿಸಿದೆವು ಎಂದರು. ಮುಂದಿನ ಶನಿವಾರದ ಕಂತಿನಲ್ಲಿ ಅವಳು ಮಾತು ಮುಗಿಸಿದಳು. ಮೌನವಾಯಿತು. ಆಮೇಲೆ ಅವಳ ಬೆನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು. ಈ ಸಲ ಅನುಮಾನವಿರಲಿಲ್ಲ.

ನಾನು ಬಸ್ಸಿನಿಂದ ಇಳಿಯುವ ಮೊದಲೇ ಅಫಜಲಪುರದಿಂದ ಫೋನ್ ಬಂತು. ಅವಳು ಅಳುತ್ತಿದ್ದಳು. "ಅಕ್ಕೋರೆ, ಕೇಳಿದ್ರೇನ್ರಿ? ಕಾಕಾಂದು ಖರೇ ಆತಲ್ರೀ!"

ಗುಂಪಿನಲ್ಲಿ ಬರೆಯುವುದು ಬೇಡ, ಹೋಗಿಯೇ ಹೇಳೋಣ ಎಂದುಕೊಂಡೆವು. ಮರುದಿನ ಇಬ್ಬರೂ ಜೇವರ್ಗಿಗೆ ಹೋದೆವು. ಕಾಕಾನ ಹೆಂಡತಿ ಬಾಗಿಲು ತೆಗೆದರು. ಕಾಕಾ ಒಳಗೆ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಬಹಳ ಇಳಿದಿದ್ದರು. ನಾನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ: "ಕಾಕಾ, ಉಸಿರು ಬಂತ್ರಿ. ನೀವು ಹೇಳಿದಂಗೇ."

ಓದಿದರು. ಫೋನ್ ಹಿಂದಿರುಗಿಸಿದರು. "ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ," ಎಂದರು. ಕೇಳದವರ ಹಾಗೆ ದನಿ ದೊಡ್ಡದಾಗಿತ್ತು.

ಹೊಲಿಗೆಯವಳು ಕೇಳುಗರು ಬರೆದದ್ದನ್ನೆಲ್ಲ ತೆರೆದು ತೋರಿಸಿದಳು. ಅವರ ಊರಿನ ಹೆಸರು ಹಿಡಿದು ಎಷ್ಟೋ ಜನ ಅಭಿನಂದಿಸಿದ್ದರು. ಅವರು ಅರ್ಧ ಓದಿ, "ನೀವಿಬ್ರೂ ಕೂಡಿ ಬರ್ಸೀರಿ. ನನಗ ಗೊತ್ತಾಗ್ತದ," ಎಂದು ನಕ್ಕರು. ಆ ನಗೆ ನೋಡಲಾಗಲಿಲ್ಲ.

ಕೊನೆಗೆ ನಾನು ಅವರ ಹೆಂಡತಿಗೆ ಕೈಮುಗಿದು, "ನೀವಾದ್ರೂ ಕೇಳಿ ಹೇಳ್ರಿ" ಎಂದೆ. ಆ ತಾಯಿ ಇಯರ್‌ಫೋನ್ ಹೇಗೆ ಹಾಕುವುದೆಂದೂ ಅರಿಯದವರು. ಹಾಕಿದೆ. ಅವರು ಉಸಿರು ಬಿಗಿಹಿಡಿದು ಕೇಳಿದರು. ಮುಖ ಅರಳಿತು. ಗಂಡನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಜೋರಾಗಿ ಉಸಿರೆಳೆದು ತೋರಿಸಿ, ಹೌದು ಹೌದು ಎಂದು ತಲೆಯಾಡಿಸಿದರು.

ಕಾಕಾ ಅವರನ್ನೇ ನೋಡಿದರು. "ಇಕೀನೂ ನಿಮ್ಮ ಕಡೀಗೇ ಆದ್ಲು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಚಹಾ ಕುಡಿಯದೆ ಹೋಗಬೇಡಿ ಎಂದು ಅವರ ಹೆಂಡತಿ ತಡೆದರು. ಅಡುಗೆಮನೆಯಲ್ಲಿ ನಿಂತೇ ಕುಡಿದೆವು. ಹೊರಡುವಾಗ ಬಾಗಿಲವರೆಗೆ ಬಂದು ಹೇಳಿದರು: "ಸಿಟ್ಟಾಗಬ್ಯಾಡ್ರವ್ವಾ. ಇನ್ನ ಆ ನಾಟಕದ ಮಾತ ಅವರ ಮುಂದ ತೆಗೀಬ್ಯಾಡ್ರಿ. ಮನ್ಯಾಗ ನಾವು ತುಟಿ ಅಲ್ಲಾಡಿಸಿದ್ರೂ ತಮ್ಮ ಬಗ್ಗೇನೇ ಆಡ್ಕೋಳಾಕತ್ತೀವಿ ಅಂತಾರ."

ಸಂಜೆ ನಾನು ಆಳಂದ ಮುಟ್ಟುವಷ್ಟರಲ್ಲಿ ಕಾಕಾ ಗುಂಪು ಬಿಟ್ಟಿದ್ದರು.

ಗುಂಪನ್ನು ನಾವಿಬ್ಬರೇ ಕೆಲವು ವಾರ ನಡೆಸಿದೆವು. ಊಹೆ ಮಾಡಲು ಮನಸ್ಸು ಬರಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ ಶುಭಾಶಯದ ಚಿತ್ರಗಳು ಬರತೊಡಗಿದವು, ಅವೂ ಕಡಿಮೆಯಾದವು. ನಾಟಕದ ಕೊನೆಯ ಕಂತು ಬಂದ ದಿನ ಹೊಲಿಗೆಯವಳು "ಮುಗೀತ್ರಿ ಅಕ್ಕೋರೆ" ಎಂದು ಬರೆದಳು. ಆ ಕಂತನ್ನು ನಾನು ಇನ್ನೂ ಕೇಳಿರಲಿಲ್ಲ. "ಹ್ಞೂಂ" ಎಂದು ಬರೆದೆ. ಏನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.